ಜಾನಿಸರಿ ದಂಡು: ಪಗಾರದ ಚೀಟಿ ಕೆಡಿಸಿದ ಸೈನ್ಯ

ತುರ್ಕಿಯ ಅಟೋಮನ್ ಸುಲ್ತಾನರ ಕಾಲಾಳು ಪಡೆಯಾದ ಜಾನಿಸರಿಗಳ ಬಗ್ಗೆ ಬರೆದದ್ದೆಲ್ಲ ಹೆಚ್ಚುಕಡಿಮೆ ಒಂದೇ ರಾಗದಲ್ಲಿರುತ್ತದೆ. ಮೊದಲು ಕಟ್ಟುನಿಟ್ಟಿನ ದಂಡು. ಆಮೇಲೆ ಮದುವೆಯಾದರು, ಅಂಗಡಿ ಇಟ್ಟರು, ಮೈಗಳ್ಳರಾದರು, ಸುಲ್ತಾನರನ್ನೇ ಗದ್ದುಗೆಯಿಂದ ಇಳಿಸಿದರು, ಕೊನೆಗೆ 1826ರಲ್ಲಿ ತೋಪಿನ ಬಾಯಿಗೆ ಬಿದ್ದರು. ಇದರಲ್ಲಿ ಯಾವ ಘಟನೆಯೂ ಸುಳ್ಳಲ್ಲ. ಆದರೆ ಯಾವುದು ಕಾರಣ, ಯಾವುದು ಪರಿಣಾಮ ಎಂಬುದು ತಿರುವುಮುರುವಾಗಿದೆ. ಅಂಗಡಿ ಇಟ್ಟಿದ್ದಕ್ಕೆ ದಂಡು ಕೆಡಲಿಲ್ಲ, ಪಗಾರ ಹೊಟ್ಟೆಗೆ ಸಾಲದೆ ಹೋದಾಗ ಅಂಗಡಿ ಇಟ್ಟರು. ಈ ಪಡೆಯ ಇತಿಹಾಸವನ್ನು ಕತ್ತಿ ಬಂದೂಕಿನ ಕಡೆಯಿಂದ ಓದುವುದಕ್ಕಿಂತ ಹಾಜರಿ ಪುಸ್ತಕದ ಕಡೆಯಿಂದ ಓದಿದರೆ ಹೆಚ್ಚು ಅರ್ಥವಾಗುತ್ತದೆ. ಬೀದರ್ ಕೋಟೆಯ ಇತಿಹಾಸ ಬಲ್ಲವರಿಗೆ ಇದರಲ್ಲಿ ಗುರುತಿನ ಸಂಗತಿಯೂ ಸಿಗುತ್ತದೆ, ಅದು ಮುಂದೆ ಬರುತ್ತದೆ.

ದಂಡು ಹುಟ್ಟಿದ್ದು 14ನೆಯ ಶತಮಾನದ ಉತ್ತರಾರ್ಧದಲ್ಲಿ, ಒಂದನೆಯ ಮುರಾದನ ಕಾಲಕ್ಕೆ. ಅಂದರೆ ಇಲ್ಲಿ ಕಲಬುರಗಿಯಲ್ಲಿ ಬಹಮನಿ ಗದ್ದುಗೆ (1347) ಆಗಷ್ಟೇ ನೆಲೆಯೂರುತ್ತಿದ್ದ ಹೊತ್ತು. ಶುರುವಿನಲ್ಲಿ ಯುದ್ಧದ ಸೆರೆಯಾಳುಗಳಲ್ಲಿ ಐದರಲ್ಲೊಂದು ಪಾಲನ್ನು ಸುಲ್ತಾನ ತೆಗೆದುಕೊಂಡು ಅವರಿಂದಲೇ ಪಡೆ ಕಟ್ಟುತ್ತಿದ್ದ. ಅದು ಸಾಲದಾದಾಗ ದೆವ್‌ಶಿರ್ಮೆ ಬಂತು: ಬಾಲ್ಕನ್ ಕಡೆಯ ಕ್ರೈಸ್ತ ಪ್ರಜೆಗಳ ಮನೆಗಳಿಂದ ಹುಡುಗರನ್ನು ಎತ್ತುವ ಪದ್ಧತಿ.

ಎತ್ತುವ ಕ್ರಮ ಪೂರಾ ದಫ್ತರದ ಕೆಲಸ. ರಾಜಧಾನಿಯಿಂದ ಫರ್ಮಾನು ಹಿಡಿದು ಅಧಿಕಾರಿ ಬರುತ್ತಾನೆ. ಊರಿನ ಪಾದ್ರಿ ದೀಕ್ಷಾಸ್ನಾನದ ಪಟ್ಟಿ ತಂದು ಮುಂದಿಡಬೇಕು, ತಂದೆಯರು ಹುಡುಗರನ್ನು ಕರೆತಂದು ನಿಲ್ಲಿಸಬೇಕು. ನಲವತ್ತು ಮನೆಗೆ ಒಬ್ಬ ಎಂಬುದು ಲೆಕ್ಕ, ವಯಸ್ಸು ಸಾಮಾನ್ಯವಾಗಿ 8ರಿಂದ 18ರ ನಡುವೆ. ಒಬ್ಬನೇ ಮಗನಿದ್ದರೆ ಬಿಡುತ್ತಿದ್ದರು, ಏಕೆಂದರೆ ಆ ಮನೆಯ ಹೊಲ ಪಾಳು ಬಿದ್ದರೆ ಕಂದಾಯಕ್ಕೇ ಪೆಟ್ಟು. ಮದುವೆಯಾದವನನ್ನೂ ಬಿಡುತ್ತಿದ್ದರು. ಆರಿಸಿದ ಪ್ರತಿ ಹುಡುಗನ ಹೆಸರು, ತಂದೆಯ ಹೆಸರು, ಊರು, ಮೈಮೇಲಿನ ಗುರುತು ಎಲ್ಲ ಬರೆದು ಎರಡು ಪ್ರತಿ ಮಾಡುತ್ತಿದ್ದರು. ಒಂದು ಆರಿಸಿದ ಅಧಿಕಾರಿಯ ಕೈಲಿ, ಇನ್ನೊಂದು ಹುಡುಗರನ್ನು ಇಸ್ತಾಂಬುಲ್‌ಗೆ ನಡೆಸಿಕೊಂಡು ಹೋಗುವವನ ಕೈಲಿ. ಅಲ್ಲಿ ಎರಡನ್ನೂ ತಾಳೆ ನೋಡುತ್ತಿದ್ದರು. ದಾರಿಯಲ್ಲಿ ರೊಕ್ಕ ತೆಗೆದುಕೊಂಡು ಒಬ್ಬನನ್ನು ಬಿಟ್ಟು ಬೇರೊಬ್ಬನನ್ನು ಸೇರಿಸುವ ದಂಧೆ ತಡೆಯಲು ಈ ಏರ್ಪಾಡು. ಓಡಿ ಹೋದರೆ ದೂರದಿಂದ ಕಾಣಲೆಂದು ಕೆಂಪು ಅಂಗಿ, ಕೆಂಪು ಟೋಪಿ. ಆ ಬಟ್ಟೆಯ ಖರ್ಚನ್ನೂ ಊರಿನವರಿಂದಲೇ ವಸೂಲು ಮಾಡುತ್ತಿದ್ದರು.

ರಾಜಧಾನಿ ಮುಟ್ಟಿದ ಮೇಲೆ ಸುನ್ನತಿ, ಮತಾಂತರ. ಚುರುಕಾದ ಕೆಲವರು ಅರಮನೆಯ ಶಾಲೆಗೆ; ಮುಂದೆ ವಜೀರರಾದವರು ಬಂದದ್ದು ಈ ಗುಂಪಿನಿಂದ. ಉಳಿದವರನ್ನು ಅನಾತೋಲಿಯಾದ ರೈತರ ಮನೆಗೆ ಕೆಲವು ವರ್ಷ ದುಡಿಯಲು ಕಳಿಸುತ್ತಿದ್ದರು. ತುರ್ಕಿ ಮಾತು ಬರಬೇಕು, ಮೈ ಗಟ್ಟಿಯಾಗಬೇಕು. ಅಲ್ಲಿಂದ ಕರೆಸಿ ಹೊಸಬರ ದಳದಲ್ಲಿ ಇಟ್ಟು ಕಟ್ಟಡ, ಹಡಗುಕಟ್ಟೆಗಳ ಕೂಲಿ ಕೆಲಸ ಮಾಡಿಸಿ, ದಂಡಿನಲ್ಲಿ ಜಾಗ ಖಾಲಿಯಾದಾಗ ಮಾತ್ರ ಜಾನಿಸರಿ ಎಂದು ಹೆಸರು ಬರೆಯುತ್ತಿದ್ದರು. ಈ ಕೊನೆಯ ಮಾತು ನೆನಪಿಡಬೇಕು. ಸತ್ತವನ ಅಥವಾ ನಿವೃತ್ತನಾದವನ ಹೆಸರು ಹೊಡೆದ ಮೇಲೆಯೇ ಹೊಸ ಹೆಸರು ಏರುತ್ತಿತ್ತು. ಪಟ್ಟಿಯ ಉದ್ದ ಖಜಾನೆಯ ಅಳತೆಗೆ ತಕ್ಕಂತೆ ನಿಲ್ಲುತ್ತಿದ್ದದ್ದು ಇದರಿಂದ.

ದಂಡಿನ ಘಟಕಕ್ಕೆ ಒರ್ತಾ ಎಂದು ಹೆಸರು. ಪೂರ್ಣ ರೂಪಕ್ಕೆ ಬಂದಾಗ ಒಟ್ಟು 196 ಒರ್ತಾಗಳು: ಜಮಾತ್ ವಿಭಾಗದಲ್ಲಿ 101, ಬೊಲೂಕ್ ವಿಭಾಗದಲ್ಲಿ 61, ಸೆಕ್ಬಾನ್ ವಿಭಾಗದಲ್ಲಿ 34. ಇಡೀ ದಂಡಿಗೆ ಮುಖ್ಯಸ್ಥನಾಗಿ ಒಬ್ಬ ಆಗಾ. ಹುದ್ದೆಗಳ ಹೆಸರೆಲ್ಲ ಅಡುಗೆಮನೆಯವು. ಒರ್ತಾದ ನಾಯಕ ಚೋರ್ಬಾಜಿ, ಅಂದರೆ ಸಾರು ಬಡಿಸುವವನು. ಅವನ ಕೆಳಗೆ ಮುಖ್ಯ ಅಡುಗೆಯವನು, ನೀರಿನ ಮೇಸ್ತ್ರಿ. ಈ ಅಡುಗೆಯವನು ಬರೀ ಅನ್ನ ಬೇಯಿಸುವವನಲ್ಲ. ತಪ್ಪು ಮಾಡಿದ ಸೈನಿಕನನ್ನು ಕೂಡಿಹಾಕುವುದು ಅವನ ಕಾವಲಿನಲ್ಲಿ, ಒರ್ತಾದ ಶಿಸ್ತು ಅವನ ಕೈಯಲ್ಲಿ. ಸೈನಿಕನ ಬಿಳಿ ಉಣ್ಣೆಯ ಟೋಪಿಯ ಮುಂಭಾಗದಲ್ಲಿ ಚಮಚ ಸಿಕ್ಕಿಸಲು ಒಂದು ಕೊಳವೆ. ಒರ್ತಾದ ದೊಡ್ಡ ತಾಮ್ರದ ಹಂಡೆ, ಅವರ ಮಾತಿನಲ್ಲಿ ಕಜಾನ್, ಬಾವುಟಕ್ಕಿಂತ ಹೆಚ್ಚು. ಯುದ್ಧದಲ್ಲಿ ಅದು ವೈರಿಯ ಕೈಗೆ ಹೋದರೆ ಇಡೀ ಒರ್ತಾಕ್ಕೆ ಮಾನ ಹೋದಂತೆ. ಬಂಡಾಯ ಏಳುವಾಗ ಆ ಹಂಡೆಯನ್ನು ಮೈದಾನಕ್ಕೆ ಹೊತ್ತು ತಂದು ಬೋರಲು ಹಾಕುತ್ತಿದ್ದರು: ನಿನ್ನ ಅನ್ನ ನಮಗೆ ಬೇಡ ಎಂದು ಸುಲ್ತಾನನಿಗೆ ಹೇಳುವ ಬಗೆ ಅದು.

ಪಗಾರ ಬಟವಾಡೆ ವರ್ಷಕ್ಕೆ ನಾಲ್ಕು ಸಲ, ಮೂರು ಮೂರು ತಿಂಗಳಿಗೆ. ತೋಪ್‌ಕಾಪಿ ಅರಮನೆಯ ಎರಡನೆಯ ಅಂಗಳದಲ್ಲಿ ಒರ್ತಾಗಳು ಸಾಲಾಗಿ ಸದ್ದಿಲ್ಲದೆ ನಿಲ್ಲಬೇಕು. ಅರಮನೆಯ ಅಡುಗೆಮನೆಯಿಂದ ಸಾರು, ಪಲಾವು, ಕೇಸರಿ ಹಾಕಿದ ಸಿಹಿ ಅನ್ನ ತಂದು ನೆಲದ ಮೇಲೆ ಇಡುತ್ತಿದ್ದರು. ಸನ್ನೆ ಕೊಟ್ಟೊಡನೆ ಸೈನಿಕರು ಓಡಿ ಬಂದು ಊಟಕ್ಕೆ ಮುಗಿಬಿದ್ದರೆ ದಂಡು ಸಮಾಧಾನದಲ್ಲಿದೆ ಎಂದರ್ಥ. ನಿಂತಲ್ಲೇ ನಿಂತರೆ ವಜೀರನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. ಊಟವಾದ ಮೇಲೆ ಒಂದೊಂದೇ ಒರ್ತಾದ ಹೆಸರು ಕೂಗಿ, ಬೆಳ್ಳಿ ನಾಣ್ಯ ತುಂಬಿದ ಚರ್ಮದ ಚೀಲಗಳನ್ನು ಕೊಡುತ್ತಿದ್ದರು. ಚೀಲಗಳನ್ನು ಹೆಗಲ ಮೇಲೆ ಹೊತ್ತು ಬಿಡಾರಕ್ಕೆ ಒಯ್ದು, ಅಲ್ಲಿ ತಲೆ ಎಣಿಸಿ ಹಂಚಿಕೆ. ವಿದೇಶದ ರಾಯಭಾರಿಗಳಿಗೆ ಬೇಕೆಂದೇ ಆ ದಿನ ಭೇಟಿ ಇಡುತ್ತಿದ್ದರು. ಇಷ್ಟು ರೊಕ್ಕ, ಇಷ್ಟು ಮಂದಿ, ಒಂದು ಪಿಟ್ಟೆನ್ನುವ ಸದ್ದಿಲ್ಲ ಎಂದು ನೋಡಿ ಹೋಗಲಿ ಎಂದು.

ಈ ಚೀಲದೊಳಗಿನ ನಾಣ್ಯದಲ್ಲೇ ಎಡವಟ್ಟಾಯಿತು. ನಾಣ್ಯದ ಹೆಸರು ಆಕ್ಚೆ, ಸಣ್ಣ ಬೆಳ್ಳಿ ಬಿಲ್ಲೆ. ನೂರು ದಿರ್ಹಮ್ ತೂಕದ ಬೆಳ್ಳಿಯಿಂದ ಮೊದಲು 450 ಆಕ್ಚೆ ಅಚ್ಚು ಹಾಕುತ್ತಿದ್ದರು. 1585–86ರ ಹೊತ್ತಿಗೆ ಅಷ್ಟೇ ಬೆಳ್ಳಿಯಿಂದ 800 ಹಾಕತೊಡಗಿದರು. ಒಂದು ಚಿನ್ನದ ನಾಣ್ಯಕ್ಕೆ 60 ಆಕ್ಚೆ ಇದ್ದದ್ದು 120ಕ್ಕೆ ಹೋಯಿತು. ಜಾನಿಸರಿಯ ದಿನಗೂಲಿ ಮಾತ್ರ ಪಟ್ಟಿಯಲ್ಲಿ ಇದ್ದಷ್ಟೇ ಇತ್ತು. ಎಣಿಕೆಗೆ ಅಷ್ಟೇ ನಾಣ್ಯ, ಬಜಾರಿಗೆ ಹೋದರೆ ಅರ್ಧ ಸಾಮಾನು. 1589ರಲ್ಲಿ ಇಂಥ ಹಗುರ ನಾಣ್ಯದಲ್ಲಿ ಪಗಾರ ಹಂಚಿದಾಗ ಅರಮನೆಯ ಪಡೆಗಳು ದಂಗೆ ಎದ್ದು ರುಮೇಲಿಯಾದ, ಅಂದರೆ ಬಾಲ್ಕನ್ ಪ್ರಾಂತದ, ಅಧಿಪತಿ ಬೇಲರ್‌ಬೇಯ ತಲೆಯನ್ನೇ ಕೇಳಿದವು, ಸುಲ್ತಾನ ಮೂರನೆಯ ಮುರಾದ ಕೊಡಲೇಬೇಕಾಯಿತು. ಒಮ್ಮೆ ಹೀಗೆ ಕೇಳಿ ಪಡೆದ ಮೇಲೆ ಮುಂದೆ ಕೇಳುವುದಕ್ಕೆ ಯಾರಿಗೂ ಸಂಕೋಚ ಉಳಿಯಲಿಲ್ಲ.

ಪಗಾರದ ಜೊತೆಗೆ ಇನ್ನೊಂದು ಬಾಬತ್ತು: ಹೊಸ ಸುಲ್ತಾನ ಗದ್ದುಗೆ ಏರಿದಾಗ ಕೊಡಬೇಕಾದ ಬಕ್ಷೀಸು. ಮೂವತ್ತು ವರ್ಷಕ್ಕೊಮ್ಮೆ ಬಂದರೆ ಖಜಾನೆ ತಡೆಯುತ್ತದೆ. 1617, 1618, 1622, 1623, ಹೀಗೆ ಆರೇಳು ವರ್ಷಗಳಲ್ಲಿ ನಾಲ್ಕು ಸಲ ಗದ್ದುಗೆ ಬದಲಾಯಿತು. ಮೂರನೆಯ ಬದಲಾವಣೆ ಜಾನಿಸರಿಗಳ ಕೈವಾಡ. ಹರೆಯದ ಸುಲ್ತಾನ ಎರಡನೆಯ ಉಸ್ಮಾನ್ 1621ರ ಹೊತಿನ್ ದಂಡಯಾತ್ರೆಯಲ್ಲಿ ಹಾಜರಿ ತೆಗೆಸಿದ್ದ, ಆಮೇಲೆ ಹಜ್ ಯಾತ್ರೆಯ ನೆಪದಲ್ಲಿ ಹೋಗಿ ಬೇರೆ ಸೈನ್ಯ ಕಟ್ಟುತ್ತಾನೆ ಎಂಬ ಸುದ್ದಿ ಹಬ್ಬಿತು. 1622ರ ಮೇ ತಿಂಗಳಲ್ಲಿ ಅವನನ್ನು ಏಳು ಬುರುಜಿನ ಕೋಟೆಯಲ್ಲಿ ಕೊಂದರು. ಹಾಜರಿ ತೆಗೆಯುವುದು ಎಷ್ಟು ಅಪಾಯದ ಕೆಲಸ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಅಷ್ಟು ಹೊತ್ತಿಗೆ ದಂಡಿನ ಗಾತ್ರವೇ ಬದಲಾಗಿತ್ತು. 1574ರ ಪಟ್ಟಿಯಲ್ಲಿ 13,599 ಜಾನಿಸರಿಗಳು. 1609ರಲ್ಲಿ 37,627. ಇದಕ್ಕೆ ಲಂಚ, ಶಿಫಾರಸು ಮಾತ್ರ ಕಾರಣ ಎನ್ನುವವರು ಯುದ್ಧದ ಕಡೆ ನೋಡಿಲ್ಲ. 1593ರಿಂದ 1606ರವರೆಗೆ ಹಂಗೇರಿಯಲ್ಲಿ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳ ಜೊತೆ ಎಡೆಬಿಡದ ಕಾಳಗ. ಎದುರಿಗೆ ಬಂದೂಕಿನ ಕಾಲಾಳು. ಜಹಗೀರಿನ ಮೇಲೆ ಬದುಕುವ ಕುದುರೆ ಸವಾರರು ಈಟಿ, ಬಿಲ್ಲು ಹಿಡಿದು ಬಂದರೆ ಅಲ್ಲಿ ನಡೆಯುವಂತಿರಲಿಲ್ಲ. ಬತ್ತಿ ಬಂದೂಕಿಗೆ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಜಡಿದು, ಕಿವಿಗೆ ಸಣ್ಣ ಮದ್ದು ಹಾಕಿ, ಬತ್ತಿ ಊದಿ ಗುರಿಯಿಡುವಷ್ಟರಲ್ಲಿ ಹೊತ್ತು ಹೋಗುತ್ತದೆ. ಆ ಹೊತ್ತು ತುಂಬಲು ಸಾಲುಗಟ್ಟಿ ನಿಲ್ಲಬೇಕು. 1605ರಲ್ಲಿ ಎಸ್ತೆರ್‌ಗೋಮ್ ಮುತ್ತಿಗೆಯಲ್ಲಿ ಜಾನಿಸರಿಗಳು ಮೂರು ಸಾಲಾಗಿ ನಿಂತದ್ದಕ್ಕೆ ಆ ಕಾಲದ ಬರಹವಿದೆ. ಮೊದಲ ಸಾಲು ಹಾರಿಸಿ ಬಗ್ಗಿ ಮದ್ದು ತುಂಬುವಾಗ ಎರಡನೆಯದು, ಅದು ತುಂಬುವಾಗ ಮೂರನೆಯದು. ಹೀಗೆ ನಿಲ್ಲುವುದಕ್ಕೆ ತಲೆ ಬೇಕು, ತಲೆಗೆ ಪಗಾರ ಬೇಕು. ನಲವತ್ತು ಮನೆಗೊಬ್ಬ ಹುಡುಗನನ್ನು ಎತ್ತಿ ಹತ್ತು ವರ್ಷ ಪಳಗಿಸುವ ಪದ್ಧತಿ ಈ ವೇಗಕ್ಕೆ ಸಾಲುತ್ತಿರಲಿಲ್ಲ. ಜಾನಿಸರಿಗಳ ಮಕ್ಕಳನ್ನು, ಆಮೇಲೆ ಬೇರೆ ಮುಸ್ಲಿಂ ಪ್ರಜೆಗಳನ್ನು ಸೇರಿಸಿದರು. 17ನೆಯ ಶತಮಾನದಲ್ಲಿ ದೆವ್‌ಶಿರ್ಮೆ ಅಪರೂಪವಾಗುತ್ತ ಬಂದು ನಿಂತೇ ಹೋಯಿತು. ದಂಡಿನ ಅವನತಿಗೆ ಸೋಮಾರಿತನ ಕಾರಣ ಎನ್ನುವವರು ಈ ಯುದ್ಧದ ವರ್ಷಗಳನ್ನು ಜಿಗಿದು ಹೋಗುತ್ತಾರೆ.

ಯುದ್ಧ ಮುಗಿದಾಗ ಹೆಚ್ಚಿಸಿದ ಪಟ್ಟಿಯನ್ನು ಇಳಿಸಬೇಕಿತ್ತು. ಇಳಿಸಲಾಗಲಿಲ್ಲ. ಅರ್ಧ ಬೆಲೆಯ ನಾಣ್ಯದಲ್ಲಿ ಪೂರಾ ಪಟ್ಟಿಗೆ ಪಗಾರ ಕೊಡುವುದೂ ಆಗಲಿಲ್ಲ. ಸರ್ಕಾರ ಕಣ್ಣು ಮುಚ್ಚಿ ಒಪ್ಪಿಕೊಂಡದ್ದು ಒಂದು ಅಲಿಖಿತ ಕರಾರನ್ನು: ರೊಕ್ಕ ಕಡಿಮೆ, ಆದರೆ ಸವಲತ್ತು ಪೂರ್ತಿ. ಜಾನಿಸರಿಯನ್ನು ಅವನ ದಂಡಿನ ಅಧಿಕಾರಿಗಳಲ್ಲದೆ ಬೇರೆಯವರು ಶಿಕ್ಷಿಸುವಂತಿಲ್ಲ, ಕೆಲವು ತೆರಿಗೆಗಳಿಲ್ಲ. ಇಂಥ ರಕ್ಷೆ ಬಜಾರಿನಲ್ಲಿ ರೊಕ್ಕಕ್ಕಿಂತ ಬೆಲೆಯುಳ್ಳದ್ದು. ಸೈನಿಕ ದೋಣಿ ನಡೆಸುವವನಾದ, ಹಮಾಲನಾದ, ಕಸಾಯಿಯಾದ, ಕಾಫಿ ಅಂಗಡಿ ಇಟ್ಟ. ಅತ್ತ ಕಡೆಯಿಂದ ಕಸುಬಿನವರು, ವರ್ತಕರು ರೊಕ್ಕ ಕೊಟ್ಟು ದಂಡಿನಲ್ಲಿ ಹೆಸರು ಬರೆಸಿಕೊಂಡರು. ಅಂಗಡಿಯ ಮೇಲೆ, ಹಡಗಿನ ಮೇಲೆ ಒರ್ತಾದ ಗುರುತು ತೂಗುಹಾಕಿದರೆ ಆ ಸರಕು ಆ ಒರ್ತಾದ ರಕ್ಷಣೆಯಲ್ಲಿದೆ ಎಂದು ಅರ್ಥ, ರಕ್ಷಣೆಯ ರೊಕ್ಕ ಬೇರೆ. ಹಫ್ತಾ ವಸೂಲಿ ಎಂದರೆ ತಪ್ಪಿಲ್ಲ. ಆದರೆ ಅರಮನೆಯವರು ಧಾನ್ಯದ ಬೆಲೆ ಏರಿಸಿದಾಗ, ನಾಣ್ಯ ಕೆಡಿಸಿದಾಗ ಬಜಾರಿನ ಪರ ಎದ್ದು ನಿಲ್ಲುವ ಗಂಡೆದೆಯೂ ಇವರಿಗೇ ಇತ್ತು. ಊರಿನ ಜನ ಇವರನ್ನು ಬೈಯುತ್ತಲೂ ಇದ್ದರು, ಇವರ ಹಿಂದೆ ಹೋಗುತ್ತಲೂ ಇದ್ದರು.

ಈಗ ಚೀಟಿಯ ವಿಷಯ. ಪ್ರತಿ ಜಾನಿಸರಿಗೂ ದಿನಗೂಲಿ ಎಷ್ಟು ಎಂದು ಬರೆದ ಒಂದು ಪಗಾರದ ಚೀಟಿ, ಎಸಾಮೆ. ಅದನ್ನು ತೋರಿಸಿದರೆ ಬಟವಾಡೆ. ಸೈನಿಕ ಸತ್ತರೆ ಚೀಟಿ ವಾಪಸು ಬರಬೇಕು, ಪಟ್ಟಿಯಿಂದ ಹೆಸರು ಹೊಡೆಯಬೇಕು. ಅಧಿಕಾರಿಗಳು ಹೊಡೆಯಲಿಲ್ಲ. ಸತ್ತವನ ಚೀಟಿ ಒರ್ತಾದ ಪೆಟ್ಟಿಗೆಯಲ್ಲೇ ಉಳಿದು, ಅದರ ರೊಕ್ಕ ನಾಯಕನ ಕೈಗೆ. ಮುಂದಿನ ಹೆಜ್ಜೆ ಚೀಟಿಯನ್ನೇ ಮಾರುವುದು. 18ನೆಯ ಶತಮಾನದ ನಡುವಿಗೆ ಈ ವ್ಯಾಪಾರ ಸರ್ಕಾರದ ಒಪ್ಪಿಗೆಯಿಂದಲೇ ನಡೆಯುತ್ತಿತ್ತು. ಬಂದೂಕು ಮುಟ್ಟದ ವರ್ತಕ, ದಫ್ತರದ ಗುಮಾಸ್ತ, ಮಠದ ಪಂಡಿತ, ಅರಮನೆಯ ನೌಕರ ಎಲ್ಲರೂ ಇವತ್ತಿನ ಬಾಂಡಿನಂತೆ ಎಸಾಮೆ ಕೊಂಡು ಮೂರು ತಿಂಗಳಿಗೊಮ್ಮೆ ಆದಾಯ ಎಣಿಸಿಕೊಂಡರು. 1768ರಲ್ಲಿ ರಷ್ಯಾದ ಮೇಲೆ ಯುದ್ಧ ಸಾರಿದಾಗ ಕಾಗದದ ಮೇಲಿನ ದಂಡು ದೊಡ್ಡದು, ಡೇರೆಗೆ ಬಂದವರು ಸ್ವಲ್ಪ. 1774ರ ಕುಚುಕ್ ಕೈನಾರ್ಜಾ ಒಪ್ಪಂದದಲ್ಲಿ ಕ್ರಿಮಿಯಾ ಕೈಬಿಟ್ಟಿತು.

ಬೋಗಸ್ ಹಾಜರಿಯನ್ನು ಹಿಡಿಯುವ ಉಪಾಯ ಗೊತ್ತಿರಲಿಲ್ಲ ಎಂದಲ್ಲ. ಅದಕ್ಕೆ ಮುನ್ನೂರು ವರ್ಷ ಮೊದಲೇ ಬೀದರ್‌ನಲ್ಲಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಅದನ್ನು ಮಾಡಿ ತೋರಿಸಿದ್ದ. 1472ರಲ್ಲಿ ಅವನು ಕಟ್ಟಿಸಿದ ಮದರಸಾ ನೋಡದವರು ಈ ಭಾಗದಲ್ಲಿ ಕಡಿಮೆ. ಅವನ ಪತ್ರಗಳ ಸಂಗ್ರಹದಲ್ಲಿ ಅಟೋಮನ್ ಸುಲ್ತಾನ ಎರಡನೆಯ ಮೆಹಮದ್‌ಗೆ ಬರೆದವೂ ಇವೆ. ಬಹಮನಿ ಪದ್ಧತಿಯಲ್ಲಿ ಐನೂರು ಮಂದಿಯ ಸರದಾರನಿಗೆ ವರ್ಷಕ್ಕೆ ಒಂದು ಲಕ್ಷ ಹೊನ್ನು ಇದ್ದದ್ದನ್ನು ಗವಾನ್ ಒಂದೂಕಾಲು ಲಕ್ಷಕ್ಕೆ ಏರಿಸಿದ. ಜಹಗೀರಿನಿಂದ ಅಷ್ಟು ಹುಟ್ಟದಿದ್ದರೆ ಕೊರತೆಯನ್ನು ಖಜಾನೆ ತುಂಬಿ ಕೊಡುತ್ತಿತ್ತು. ಬದಲಿಗೆ ಒಂದೇ ಷರತ್ತು: ಎಣಿಕೆಯಲ್ಲಿ ಒಬ್ಬ ಸಿಪಾಯಿ ಕಡಿಮೆ ಬಂದರೂ ಅವನ ಪಾಲು ಕಡಿತ. ನಾಲ್ಕು ತರಫುಗಳನ್ನು, ಅಂದರೆ ಪ್ರಾಂತಗಳನ್ನು, ಎಂಟು ಮಾಡಿ, ತರಫ್‌ದಾರನ ಕೈಲಿ ಒಂದೇ ಕೋಟೆ ಬಿಟ್ಟು ಉಳಿದವಕ್ಕೆ ಸುಲ್ತಾನನ ಕಿಲ್ಲೇದಾರರನ್ನು ನೇಮಿಸಿದ. ಪಗಾರ ಮೊದಲು ಸರಿಮಾಡಿ ಆಮೇಲೆ ತಲೆ ಎಣಿಸಿದ್ದು ಇದರ ಜಾಣತನ. ಅಟೋಮನ್ನರು ಪಗಾರ ಅರ್ಧ ಮಾಡಿ ತಲೆ ಎಣಿಸಲು ಹೋದರು. ಆದರೂ ಗವಾನನ ತಲೆ ಉಳಿಯಲಿಲ್ಲ. ಒಡಿಶಾದ ದೊರೆಗೆ ಬರೆದಂತೆ ಅವನ ಮೊಹರಿನ ಸುಳ್ಳು ಪತ್ರ ಸೃಷ್ಟಿಸಿ, 1481ರಲ್ಲಿ ಸುಲ್ತಾನನ ಕೈಯಿಂದಲೇ ಕೊಲ್ಲಿಸಿದರು. ಮರುವರ್ಷ ಸುಲ್ತಾನನೂ ಸತ್ತ, ಹತ್ತು ವರ್ಷದೊಳಗೆ ತರಫ್‌ದಾರರು ಒಬ್ಬೊಬ್ಬರಾಗಿ ಕಡಿದುಕೊಂಡು ಹೋಗತೊಡಗಿದರು.

ಇಸ್ತಾಂಬುಲ್‌ನಲ್ಲಿ ಸುಲ್ತಾನ ಮೂರನೆಯ ಸಲೀಂ ಬೇರೆ ದಾರಿ ಹಿಡಿದ. ಹಳೆಯ ಪಟ್ಟಿ ಮುಟ್ಟದೆ ಪಕ್ಕದಲ್ಲೇ ಹೊಸ ಸೈನ್ಯ. 1793ರಿಂದ ಯುರೋಪಿನ ಕವಾಯತು ಕಲಿತ ನಿಜಾಮ್-ಇ-ಜದೀದ್, ಅದಕ್ಕೆಂದೇ ಪ್ರತ್ಯೇಕ ಖಜಾನೆ, ಪ್ರತ್ಯೇಕ ತೆರಿಗೆ. 1799ರಲ್ಲಿ ಆಕ್ರೆ ಕೋಟೆಯಲ್ಲಿ ನೆಪೋಲಿಯನ್ನನ ಎದುರು ಈ ಪಡೆ ನಿಂತಿತು. ಆದರೆ ಹೊಸ ತೆರಿಗೆಯ ಸಿಟ್ಟು ಜನರಿಗೆ, ಚೀಟಿಯ ಭಯ ಜಾನಿಸರಿಗಳಿಗೆ. 1807ರ ಮೇ ತಿಂಗಳಲ್ಲಿ ಬಾಸ್ಫರಸ್ ಕೋಟೆಗಳ ಸಿಪಾಯಿಗಳು ಕಬಕ್ಚಿ ಮುಸ್ತಫಾನ ಹಿಂದೆ ಎದ್ದರು. ಕೈಯಲ್ಲಿ ಸಾವಿರಾರು ಕವಾಯತಿನ ಸೈನಿಕರಿದ್ದರೂ ಸಲೀಂ ಅವರನ್ನು ಬಳಸಲಿಲ್ಲ, ಪಡೆಯನ್ನೇ ವಿಸರ್ಜಿಸಿದ. ಅದರಿಂದ ಗದ್ದುಗೆಯೂ ಉಳಿಯಲಿಲ್ಲ, ಮರುವರ್ಷ ಜೀವವೂ ಉಳಿಯಲಿಲ್ಲ. ಅವನನ್ನು ಮತ್ತೆ ಏರಿಸಲು ಬಂದ ಅಲೆಮ್ದಾರ್ ಮುಸ್ತಫಾ ಪಾಷಾ ಹೆಸರು ಬದಲಿಸಿ ಅದೇ ಪಡೆ ಕಟ್ಟಲು ಹೋಗಿ 1808ರ ನವೆಂಬರಿನಲ್ಲಿ ಮದ್ದಿನ ಸ್ಫೋಟದಲ್ಲಿ ಸತ್ತ. ಸುಲ್ತಾನ ಎರಡನೆಯ ಮಹಮೂದ್ ಆಗ ಉಳಿದದ್ದು ಒಂದೇ ಕಾರಣಕ್ಕೆ: ವಂಶದಲ್ಲಿ ಗದ್ದುಗೆಗೆ ಕೂರಿಸಲು ಬೇರೆ ಗಂಡಸು ಇರಲಿಲ್ಲ.

ಮಹಮೂದ್ ಹದಿನೆಂಟು ವರ್ಷ ಕಾದ. ಆ ಕಾಯುವಿಕೆಯೇ ಈ ಇಡೀ ಇತಿಹಾಸದಲ್ಲಿ ಎಲ್ಲಕ್ಕಿಂತ ಲೆಕ್ಕಾಚಾರದ ಭಾಗ. ತೋಪಿನ ದಳವನ್ನು ಸದ್ದಿಲ್ಲದೆ ಬಲಪಡಿಸಿ ತನ್ನ ಕಡೆ ಮಾಡಿಕೊಂಡ. ಜಾನಿಸರಿಗಳ ಆಗಾ ಹುದ್ದೆಗೆ ತನ್ನವರನ್ನೇ ತಂದ. ಉಲೇಮಾಗಳ, ಅಂದರೆ ಧರ್ಮಪಂಡಿತರ, ಮನಸ್ಸು ಗೆದ್ದ, ಸಲೀಂ ಮಾಡದೆ ಬಿಟ್ಟದ್ದು ಇದು. ಅತ್ತ ಗ್ರೀಕರ ದಂಗೆ ಅಡಗಿಸಲು ಜಾನಿಸರಿಗಳ ಕೈಲಿ ಆಗದ್ದು ಈಜಿಪ್ಟಿನ ಕವಾಯತು ಪಡೆಯಿಂದ ಆಯಿತು, 1826ರ ಏಪ್ರಿಲ್‌ನಲ್ಲಿ ಗ್ರೀಕರ ಕೈಲಿದ್ದ ಮಿಸೊಲೊಂಗಿ ಪಟ್ಟಣ ಬಿತ್ತು. ಮರು ತಿಂಗಳೇ ಮಹಮೂದ್ ತನ್ನ ಯೋಜನೆ ಹೊರಗಿಟ್ಟ: ರಾಜಧಾನಿಯ 51 ಒರ್ತಾಗಳಿಂದ ತಲಾ 150 ಮಂದಿ, ಒಟ್ಟು 7,650, ಹೊಸ ಕವಾಯತು ಕಲಿಯಬೇಕು. ದಂಡನ್ನು ರದ್ದು ಮಾಡುವ ಮಾತೇ ಅದರಲ್ಲಿ ಇಲ್ಲ. ಧರ್ಮಪಂಡಿತರ ಮುಖ್ಯಸ್ಥನಾದ ಶೇಖ್-ಉಲ್-ಇಸ್ಲಾಂ ಫತ್ವಾ ಕೊಟ್ಟ, ದಂಡಿನ ಅಧಿಕಾರಿಗಳಿಂದಲೇ ಒಪ್ಪಿಗೆಯ ಕಾಗದಕ್ಕೆ ಮೊಹರು ಹಾಕಿಸಿದರು. ಆಮೇಲೆ ಎದ್ದರೆ ಅದು ಕೊಟ್ಟ ಮಾತು ಮುರಿದಂತೆ, ಧರ್ಮದ ವಿರುದ್ಧ ನಿಂತಂತೆ.

ಜೂನ್ 12ಕ್ಕೆ ಕವಾಯತು ಶುರು. 14ರ ರಾತ್ರಿ ಹಂಡೆಗಳು ಎತ್ ಮೈದಾನಿಗೆ, ಅಂದರೆ ದಂಡಿನ ಬಿಡಾರದ ಮುಂದಿನ ಮಾಂಸದ ಮೈದಾನಕ್ಕೆ ಬಂದವು. ಗುಂಪು ಮಹಾವಜೀರನ ಮನೆ ಲೂಟಿ ಮಾಡಿತು. 15ರ ಬೆಳಿಗ್ಗೆ ಸುಲ್ತಾನ ಪ್ರವಾದಿಯ ಪವಿತ್ರ ಬಾವುಟವನ್ನು ಹೊರಗೆ ತೆಗೆಸಿ, ಮುಸಲ್ಮಾನರಾದವರು ಅದರ ಕೆಳಗೆ ಬನ್ನಿ ಎಂದು ಊರೆಲ್ಲ ಸಾರಿಸಿದ. ಮದರಸಾ ವಿದ್ಯಾರ್ಥಿಗಳು, ಓಣಿಯ ಮಂದಿ ಅತ್ತ ಸೇರಿದರು. ಹಿಂದಿನ ಎಲ್ಲ ದಂಗೆಗಳಲ್ಲಿ ಜಾನಿಸರಿಗಳ ಬಲವೇ ಈ ಓಣಿಯ ಮಂದಿ. ಅದು ಕೈತಪ್ಪಿದ ಮೇಲೆ ಉಳಿದದ್ದು ಬಿಡಾರದ ಬಾಗಿಲು ಮಾತ್ರ. ಅದಕ್ಕೆ ಒಳಗಿನಿಂದ ಕಲ್ಲು ಪೇರಿಸಿ ಕುಳಿತರು. ತೋಪುಗಳನ್ನು ತಂದು ಬಾಗಿಲು ಒಡೆದು, ಮರದ ಬಿಡಾರಕ್ಕೆ ಬೆಂಕಿ ಹಚ್ಚಿದರು. ಕೆಲವೇ ತಾಸಿನಲ್ಲಿ ಮುಗಿಯಿತು. ಸತ್ತವರು ಸಾವಿರಾರು. 17ರಂದು ದಂಡು ರದ್ದಾದ ಫರ್ಮಾನು ಓದಿದರು. ದಂಡಿನ ಗುರುಪೀಠವಾಗಿದ್ದ ಬೆಕ್ತಾಶಿ ಸೂಫಿ ಮಠಗಳನ್ನು ಮುಚ್ಚಿಸಿದರು. ಸ್ಮಶಾನಗಳಲ್ಲಿ ಜಾನಿಸರಿ ಟೋಪಿ ಕೆತ್ತಿದ ಗೋರಿಕಲ್ಲುಗಳ ತಲೆ ಒಡೆದರು. ಅಟೋಮನ್ ದಾಖಲೆಗಳು ಈ ದಿನಕ್ಕೆ ಮಂಗಳ ಘಟನೆ ಎಂದು ಹೆಸರಿಟ್ಟವು.

ಮಂಗಳ ಎಷ್ಟು ಎಂಬುದು ಬೇಗನೆ ಕಂಡಿತು. ಕೆಟ್ಟದ್ದಾದರೂ ಇದ್ದ ಸೈನ್ಯ ಹೋಯಿತು, ಮನ್ಸೂರಿ ಎಂಬ ಹೊಸ ಸೈನ್ಯ ಇನ್ನೂ ಹೆಜ್ಜೆ ಹಾಕುವುದನ್ನು ಕಲಿಯುತ್ತಿತ್ತು. ರಷ್ಯನ್ನರು 1828ರಲ್ಲಿ ಯುದ್ಧ ಹೂಡಿ, 1829ರಲ್ಲಿ ಎದಿರ್ನೆವರೆಗೆ ಬಂದು ತಮಗೆ ಬೇಕಾದಂತೆ ಒಪ್ಪಂದ ಬರೆಸಿಕೊಂಡರು. ರಾಜಧಾನಿಯೊಳಗಿನ ಪೆಟ್ಟು ಅದಕ್ಕೂ ಮುಂಚಿನದು. 1720ರ ಸುಮಾರಿಗೆ ಫ್ರಾನ್ಸಿನಿಂದ ಬಂದು ಮುಸಲ್ಮಾನನಾದ ದಾವೂದ್ ಎಂಬಾತ ಕೈಪಂಪಿನ ಅಗ್ನಿಶಾಮಕ ದಳ ಕಟ್ಟಿದ್ದ, ಅದು ಜಾನಿಸರಿ ದಂಡಿಗೆ ಸೇರಿತ್ತು. ದಂಡಿನ ಜೊತೆಗೆ ಅದನ್ನೂ ಎತ್ತಿಬಿಟ್ಟರು. ಅದೇ 1826ರ ಆಗಸ್ಟ್‌ನಲ್ಲಿ ಇಸ್ತಾಂಬುಲ್‌ನ ಹೊಜಾಪಾಷಾ ಭಾಗಕ್ಕೆ ಬೆಂಕಿ ಬಿದ್ದು ಊರಿನ ದೊಡ್ಡ ಪಾಲು ಸುಟ್ಟು ಹೋಯಿತು. ಪಂಪು ಒತ್ತುವ ದಳವನ್ನು ಹೊಸದಾಗಿ ಕಟ್ಟಬೇಕಾಯಿತು.